‘ದ್ಯಾನ್’ಗೆ ಮೊದಲು ಅಲ್ಪವಿರಾಮ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಹತ್ತನೇ ತರಗತಿಯ ಮಕ್ಕಳಿಗಾಗಿ ಇಂಗ್ಲಿಷ್ ವ್ಯಾಕರಣದ ಮಾಲೆಯೊಂದು ಬರುತ್ತಿದೆ. ಕಳೆದ ವಾರದ ಪಾಠ ಹೋಲಿಕೆಯ ವಾಕ್ಯಗಳನ್ನು ಕುರಿತದ್ದು. ಅದರಲ್ಲಿ ಚೌಕಟ್ಟು ಹಾಕಿ ಎರಡು ನಿಯಮಗಳನ್ನು ಕೊಟ್ಟಿದ್ದೀರಿ. ‘ದ್ಯಾನ್’ (than, ನಮ್ಮ ‘ಗಿಂತ’) ಪದದಿಂದ ಉಪವಾಕ್ಯ ಆರಂಭವಾದರೆ ಅದಕ್ಕೆ ಮೊದಲು ಅಲ್ಪವಿರಾಮ ಹಾಕಬೇಕು ಎಂಬುದು ಒಂದು. ಓದುವಾಗ ಉಸಿರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಅಲ್ಪವಿರಾಮ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಇಂದಿನ ಇಂಗ್ಲಿಷಿಗೆ ಸಲ್ಲದು. ಎರಡನೆಯದು ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳನ್ನು ಬೇರೆ ಎಲ್ಲರಿಗಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಪರೀಕ್ಷೆ ಹತ್ತಿರವಿರುವುದರಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಕಾಟನ್‌ಪೇಟೆಯ ಮುದ್ರಣಾಲಯವೊಂದರಲ್ಲಿ, ಮೊಳೆ ಜೋಡಿಸುತ್ತಿದ್ದ ಕಾಲದಿಂದ ಡಿಟಿಪಿ ಬರುವವರೆಗೆ, ಕನ್ನಡ ಮತ್ತು ಇಂಗ್ಲಿಷ್ ಎರಡರ ಪ್ರೂಫನ್ನೂ ನೋಡುತ್ತಿದ್ದವಳು. ನಿವೃತ್ತಿಯ ನಂತರ ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಹೊತ್ತು ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಅವರ ಹೆತ್ತವರಲ್ಲಿ ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಕಟ್ಟುವವರಿದ್ದಾರೆ, ಬಳೇಪೇಟೆಯ ಅಂಗಡಿಗಳಲ್ಲಿ ದುಡಿಯುವವರಿದ್ದಾರೆ, ಆಟೊ ಓಡಿಸುವವರಿದ್ದಾರೆ. ಮನೆಯಲ್ಲಿ ಇಂಗ್ಲಿಷ್ ವಾಕ್ಯವನ್ನು ತಿದ್ದಿ ಕೊಡುವವರು ಯಾರೂ ಇಲ್ಲ. ಹಾಗಾಗಿ ಪತ್ರಿಕೆಯಲ್ಲಿ ಅಚ್ಚಾದದ್ದು ಅವರ ಪಾಲಿಗೆ ಕೊನೆಯ ಮಾತು. ನಿಮ್ಮ ಪುಟವನ್ನು ಕತ್ತರಿಸಿ ನೋಟ್ ಪುಸ್ತಕಕ್ಕೆ ಅಂಟಿಸಿಕೊಂಡು ಬರುತ್ತಾರೆ. ನಾನು ಒಂದು ಹೇಳಿ ಪತ್ರಿಕೆ ಇನ್ನೊಂದು ಹೇಳಿದರೆ ಅವರು ನಂಬುವುದು ಪತ್ರಿಕೆಯನ್ನು. ನಂಬಲಿ, ಅದರಲ್ಲಿ ನನಗೆ ಬೇಸರವಿಲ್ಲ. ಆ ನಂಬಿಕೆಗೆ ತಕ್ಕಂತೆ ಪತ್ರಿಕೆ ಇರಬೇಕು ಎಂಬುದಷ್ಟೇ ನನ್ನ ಒತ್ತಾಯ.

ಪಾಠದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಇಂಗ್ಲಿಷ್ ವಾಕ್ಯಗಳನ್ನು ಎಲ್ಲರೂ ಓದುವಂತೆ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ‘ದಿ ಮೆಟ್ರೊ ರೀಚಸ್ ಮೆಜೆಸ್ಟಿಕ್ ಸೂನರ್, ದ್ಯಾನ್ ದಿ ಬಸ್ ಡಸ್’ ಎಂದು ಅಚ್ಚಾಗಿದೆ. ‘ಸೂನರ್’ ಎಂದ ಕೂಡಲೇ ಓದುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಯಾವುದಕ್ಕಿಂತ? ಅದಕ್ಕೆ ಉತ್ತರ ಕೊಡುವುದು ‘ದ್ಯಾನ್’ನಿಂದ ಹೊರಡುವ ಉಪವಾಕ್ಯ. ಅದು ಬರದೆ ‘ಸೂನರ್’ ಎಂಬ ಪದದ ಅರ್ಥ ಮುಗಿಯುವುದಿಲ್ಲ. ಮುಗಿಯದ ಅರ್ಥಕ್ಕೂ ಅದನ್ನು ಮುಗಿಸುವ ಮಾತಿಗೂ ನಡುವೆ ಅಲ್ಪವಿರಾಮ ಇಟ್ಟರೆ ಕಟ್ಟುತ್ತಿರುವ ಮಾಲೆಯ ದಾರವನ್ನು ನಡುವೆಯೇ ಕತ್ತರಿಸಿದಂತೆ. ‘ಆಲ್ದೋ’ ಎಂದು ಆರಂಭವಾಗುವ ಉಪವಾಕ್ಯದ ಸಂಗತಿ ಬೇರೆ. ‘ಮಳೆ ಬಂದರೂ ಪಂದ್ಯ ನಡೆಯಿತು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಮಳೆಯ ಭಾಗವನ್ನು ತೆಗೆದುಹಾಕಿದರೂ ಪಂದ್ಯ ನಡೆದ ಸಂಗತಿ ಪೂರ್ಣವಾಗಿ ಉಳಿಯುತ್ತದೆ. ಅಂಥಲ್ಲಿ ಅಲ್ಪವಿರಾಮಕ್ಕೆ ಕೆಲಸವಿದೆ. ಎರಡು ಬಗೆಯ ಉಪವಾಕ್ಯಗಳನ್ನು ಒಂದೇ ನಿಯಮಕ್ಕೆ ಸೇರಿಸಿದ್ದರಿಂದ ಈ ಎಡವಟ್ಟಾಗಿದೆ.

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇಂಥ ಅಲ್ಪವಿರಾಮ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು, ನಿಜ. ಹದಿನೆಂಟು ಮತ್ತು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಮುದ್ರಣದಲ್ಲಿ ಅಲ್ಪವಿರಾಮಗಳು ದಟ್ಟವಾಗಿದ್ದವು. ‘ದ್ಯಾನ್’ಗೆ ಮೊದಲೂ ‘ದಟ್’ಗೆ ಮೊದಲೂ ಧಾರಾಳವಾಗಿ ಹಾಕುತ್ತಿದ್ದರು. ಆ ರೂಢಿ ಹೋಗಿ ಬಹಳ ಕಾಲವಾಯಿತು. ಇವತ್ತಿನ ಹುಡುಗ ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆದರೆ ಅಂಕ ಕಳೆದುಕೊಳ್ಳುವವನು ಅವನೇ.

ಈಗ ಉಸಿರಿನ ವಿಷಯ. ನನ್ನ ಬಳಿ ಬರುವ ಹುಡುಗಿಯೊಬ್ಬಳ ನೋಟ್ ಪುಸ್ತಕದಲ್ಲಿ ಈ ವಾಕ್ಯವಿತ್ತು: ‘ದ್ಯಾನ್ ಐ ಎಕ್ಸ್‌ಪೆಕ್ಟೆಡ್, ದಿ ವರ್ಕ್ ಫಿನಿಶ್ಡ್ ಸೂನ್.’ ಅದರ ಮೇಲೆ ಕೆಂಪು ಶಾಯಿಯಲ್ಲಿ ಒಂದು ದೊಡ್ಡ ಗುಣಾಕಾರದ ಗುರುತು. ವಿವರಣೆ ಏನೂ ಇಲ್ಲ. ಹುಡುಗಿಗೆ ತಾನು ಏನು ತಪ್ಪಿದೆನೆಂದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಅವಳ ಮನಸ್ಸಿನಲ್ಲಿದ್ದದ್ದು ‘ನಾನು ಎಣಿಸಿದ್ದಕ್ಕಿಂತ ಬೇಗ ಕೆಲಸ ಮುಗಿಯಿತು’ ಎಂಬ ಕನ್ನಡ ವಾಕ್ಯ. ಅದು ಅಚ್ಚುಕಟ್ಟಾದ ವಾಕ್ಯ. ಹೋಲಿಸುವ ಭಾಗ ಮೊದಲು ಬಂದಿದೆ, ‘ಎಣಿಸಿದ್ದು’ ಎಂಬ ನಾಮಪದದಂಥ ರೂಪ ತಾಳಿ ‘ಕ್ಕಿಂತ’ ಎಂಬ ಪ್ರತ್ಯಯ ಹತ್ತಿಸಿಕೊಂಡಿದೆ. ‘ಬೇಗ’ ಎಂಬ ಪದ ಮಾತ್ರ ಇದ್ದಂತೆಯೇ ಇದೆ. ಹೋಲಿಕೆಯ ಹೊರೆಯನ್ನೆಲ್ಲ ‘ಗಿಂತ’ ಒಂದೇ ಹೊರುವುದರಿಂದ ‘ಬೇಗ’ ಬದಲಾಗಬೇಕಾದ ಅಗತ್ಯ ಕನ್ನಡದಲ್ಲಿ ಇಲ್ಲವೇ ಇಲ್ಲ.

ಆ ಹುಡುಗಿ ಈ ವಾಕ್ಯವನ್ನು ನಿಷ್ಠೆಯಿಂದ ಇಂಗ್ಲಿಷಿಗೆ ತಂದಳು. ಹೋಲಿಸುವ ಭಾಗ ಮೊದಲು ಬಂದದ್ದಕ್ಕೆ ಕನ್ನಡ ಕಾರಣ. ‘ಸೂನ್’ ಎಂಬುದು ‘ಸೂನರ್’ ಆಗದೆ ಉಳಿದದ್ದಕ್ಕೂ ಕನ್ನಡವೇ ಕಾರಣ. ಅಲ್ಪವಿರಾಮ? ಅದೂ ಅಲ್ಲಿಂದಲೇ ಬಂತು, ಏಕೆಂದರೆ ‘ಎಣಿಸಿದ್ದಕ್ಕಿಂತ’ ಎಂದ ಮೇಲೆ ಕನ್ನಡದಲ್ಲಿ ನಾವು ಸಹಜವಾಗಿ ಕ್ಷಣ ನಿಲ್ಲುತ್ತೇವೆ. ಉಸಿರು ನಿಲ್ಲುವಲ್ಲಿ ಅಲ್ಪವಿರಾಮ ಎಂದು ಅವಳಿಗೆ ಕಲಿಸಿದ್ದರು. ಅವಳು ತನ್ನ ಉಸಿರನ್ನೇ ಕೇಳಿ ಬರೆದಳು. ಆದರೆ ಆ ಉಸಿರು ಕನ್ನಡದ್ದು. ‘ಬಂದು’, ‘ನೋಡಿ’, ‘ಹೇಳಿದರೆ’, ‘ಇದ್ದರೂ’ ಎಂದು ಮಾತು ಮಾತಿಗೂ ತಂಗುವ ಉಸಿರು ಅದು. ಅದನ್ನು ಇಂಗ್ಲಿಷಿನ ವಾಕ್ಯಕ್ಕೆ ಅಳತೆಗೋಲು ಮಾಡಿಕೊಳ್ಳಿ ಎಂದು ಮಕ್ಕಳಿಗೆ ಹೇಳುವುದು ಅನ್ಯಾಯ.

ಅಲ್ಪವಿರಾಮ ಹುಟ್ಟಿದ್ದು ಗಟ್ಟಿಯಾಗಿ ಓದುವವರ ನೆರವಿಗೆ ಎಂಬುದು ಸತ್ಯವೇ. ಕ್ರಿಸ್ತಪೂರ್ವದಲ್ಲಿ ಅಲೆಗ್ಸಾಂಡ್ರಿಯದ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್ ಎಂಬ ವಿದ್ವಾಂಸ ಎಲ್ಲೆಲ್ಲಿ ಎಷ್ಟು ನಿಲ್ಲಬೇಕೆಂದು ತೋರಿಸಲು ಚುಕ್ಕೆಗಳನ್ನು ಬಳಕೆಗೆ ತಂದ. ಇವತ್ತು ನಾವು ನೋಡುವ ಬಾಲವುಳ್ಳ ಗುರುತು ನೆಲೆಯಾದದ್ದು ಹದಿನೈದನೇ ಶತಮಾನದ ಕೊನೆಯಲ್ಲಿ, ವೆನಿಸ್ ನಗರದ ಆಲ್ಡಸ್ ಮನೂಶಿಯಸ್ ಎಂಬ ಮುದ್ರಕನ ಅಚ್ಚುಕೂಟದಲ್ಲಿ. ಅಚ್ಚಿನ ಪುಸ್ತಕ ಹರಡಿ ಜನ ಮೌನವಾಗಿ ಓದತೊಡಗಿದಂತೆ ಆ ಗುರುತು ಉಸಿರಿನ ಕೆಲಸದಿಂದ ವಾಕ್ಯರಚನೆಯ ಕೆಲಸಕ್ಕೆ ಸರಿಯಿತು. ನಮ್ಮ ಓಲೆಗರಿಗಳಲ್ಲಿ ಅದು ಇರಲಿಲ್ಲ. ಕನ್ನಡಕ್ಕೆ ಅದು ಬಂದದ್ದು ಮುದ್ರಣದ ಜೊತೆಗೆ. ಶತಮಾನಗಳ ಕಾಲ ಕನ್ನಡ ಗದ್ಯ ಅದಿಲ್ಲದೆ ನಡೆಯಿತು, ಏಕೆಂದರೆ ಎಲ್ಲಿ ಬಿಡಿಸಿಕೊಳ್ಳಬೇಕೆಂಬುದನ್ನು ನಮ್ಮ ಪ್ರತ್ಯಯಗಳೇ ತೋರಿಸುತ್ತವೆ. ಇಂಗ್ಲಿಷಿಗೆ ಅಷ್ಟು ಪ್ರತ್ಯಯಗಳಿಲ್ಲ. ಅಲ್ಲಿ ಪದಗಳ ಸಾಲು ಮತ್ತು ಅಲ್ಪವಿರಾಮ ಎರಡೂ ಸೇರಿ ಆ ಕೆಲಸವನ್ನು ಮಾಡಬೇಕು. ಈ ಒಂದು ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಮಕ್ಕಳ ಮುಖದಲ್ಲಿ ಗೊಂದಲ ಕಡಿಮೆಯಾಗುವುದನ್ನು ನಾನು ಕಣ್ಣಾರೆ ಕಾಣುತ್ತಿದ್ದೇನೆ.

ಹಾಗೆಂದು ಹೋಲಿಕೆಯ ವಾಕ್ಯದಲ್ಲಿ ಅಲ್ಪವಿರಾಮ ಎಂದೂ ಬೇಡ ಎಂದು ಕಲಿಸಿದರೆ ಅದು ಇನ್ನೊಂದು ತಪ್ಪು. ‘ದಿ ಅರ್ಲಿಯರ್ ವಿ ಲೀವ್, ದಿ ಸೂನರ್ ವಿ ರೀಚ್ ಹೋಮ್’ ಎಂಬ ವಾಕ್ಯದಲ್ಲಿ ಅಲ್ಪವಿರಾಮ ಬೇಕೇ ಬೇಕು. ಮೊದಲ ಅರ್ಧ ಎಲ್ಲಿ ಮುಗಿಯಿತೆಂದು ತೋರಿಸಲು ಅಲ್ಲಿ ಬೇರೆ ಏನೂ ಇಲ್ಲ. ಕನ್ನಡದಲ್ಲಿ ‘ಎಷ್ಟು ಬೇಗ ಹೊರಡುತ್ತೇವೋ ಅಷ್ಟು ಬೇಗ ಮನೆ ಸೇರುತ್ತೇವೆ’ ಎನ್ನುವಾಗ ‘ಹೊರಡುತ್ತೇವೋ’ ಎಂಬಲ್ಲಿಯ ಓಕಾರ ಆ ಕೆಲಸವನ್ನು ಮಾಡಿಬಿಡುತ್ತದೆ. ನಮ್ಮ ಓಕಾರ ಇರುವಲ್ಲಿ ಅವರ ಅಲ್ಪವಿರಾಮ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ, ಅವರು ಮರೆಯುವುದಿಲ್ಲ. ‘ದಿ ಸೂನರ್ ದಿ ಬೆಟರ್’ ಎಂಬಂಥ ತುಂಡು ಮಾತುಗಳಲ್ಲಿ ಮಾತ್ರ ಅದನ್ನು ಬಿಡುವ ರೂಢಿಯಿದೆ. ಅಂದ ಹಾಗೆ, ಈ ರಚನೆಯ ‘ದಿ’ ಮಕ್ಕಳು ಆರ್ಟಿಕಲ್ ಎಂದು ಬಾಯಿಪಾಠ ಮಾಡಿದ ‘ದಿ’ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ನಮ್ಮ ತೃತೀಯಾ ವಿಭಕ್ತಿಯನ್ನು ಹೋಲುವ ಒಂದು ರೂಪವಿತ್ತು. ‘ಅಷ್ಟರ ಮಟ್ಟಿಗೆ’ ಎಂಬ ಅರ್ಥದ ಆ ರೂಪ ಇಲ್ಲಿ ಉಳಿದುಕೊಂಡಿದೆ. ಮಕ್ಕಳಿಗೆ ಇಂಥ ಸಂಗತಿ ಹೇಳಿದರೆ ತಲೆಭಾರವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಹಾಗಿಲ್ಲ. ವಿಭಕ್ತಿಗಳನ್ನು ಕನ್ನಡ ತರಗತಿಯಲ್ಲಿ ಓದಿದ ಮಗುವಿಗೆ ಅದು ಗುರುತಿನ ಸಂಗತಿಯೇ.

ಅಲ್ಪವಿರಾಮ ಜೋಡಿಯಾಗಿ ಬರುವ ಹೋಲಿಕೆ ಇನ್ನೊಂದಿದೆ. ನಾನು ಪ್ರೂಫಿನಲ್ಲಿ ಅತಿ ಹೆಚ್ಚು ತಿದ್ದಿದ್ದು ಅದನ್ನೇ: ‘ಶಿ ಈಸ್ ಆ್ಯಸ್ ಟಾಲ್ ಆ್ಯಸ್, ಇಫ್ ನಾಟ್ ಟಾಲರ್ ದ್ಯಾನ್, ಹರ್ ಬ್ರದರ್.’ ಕಂಪನಿಗಳ ವಾರ್ಷಿಕ ವರದಿಗಳಲ್ಲಿ, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಈ ಬಗೆಯ ವಾಕ್ಯ ಬಹಳ. ನಮ್ಮ ಈ ವರ್ಷದ ಸಾಧನೆ ಹೋದ ವರ್ಷದಷ್ಟೇ ಚೆನ್ನಾಗಿದೆ, ಅದಕ್ಕಿಂತ ಚೆನ್ನಾಗಿಯೂ ಇರಬಹುದು ಎಂದು ಹೇಳಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಬರೆಯುವವರು ಮೊದಲ ಅಲ್ಪವಿರಾಮ ಹಾಕಿ ಎರಡನೆಯದನ್ನು ಮರೆಯುತ್ತಾರೆ. ಇಲ್ಲವೇ ಎರಡನೆಯ ‘ಆ್ಯಸ್’ ಅನ್ನೇ ನುಂಗಿ ‘ಆ್ಯಸ್ ಗುಡ್ ಇಫ್ ನಾಟ್ ಬೆಟರ್ ದ್ಯಾನ್’ ಎಂದುಬಿಡುತ್ತಾರೆ. ಪ್ರೂಫ್ ನೋಡುವಾಗ ನಾವು ಮಾಡುತ್ತಿದ್ದ ಪರೀಕ್ಷೆ ಸರಳ. ಎರಡು ಅಲ್ಪವಿರಾಮಗಳ ನಡುವಿನ ಭಾಗದ ಮೇಲೆ ಬೆರಳಿಟ್ಟು ಮುಚ್ಚಬೇಕು. ಉಳಿದದ್ದು ‘ಶಿ ಈಸ್ ಆ್ಯಸ್ ಟಾಲ್ ಆ್ಯಸ್ ಹರ್ ಬ್ರದರ್’ ಎಂದು ನೆಟ್ಟಗೆ ನಿಂತರೆ ವಾಕ್ಯ ಸರಿ. ನಿಲ್ಲದಿದ್ದರೆ ಅಂಚಿನಲ್ಲಿ ಗುರುತು ಹಾಕಿ ಕಂಪೋಸಿಂಗಿಗೆ ವಾಪಸು. ಹತ್ತನೇ ತರಗತಿಯ ಮಗುವಿಗೆ ಇಷ್ಟು ಕಸರತ್ತು ಬೇಕಿಲ್ಲ. ‘ಶಿ ಈಸ್ ಆ್ಯಸ್ ಟಾಲ್ ಆ್ಯಸ್ ಹರ್ ಬ್ರದರ್, ಇಫ್ ನಾಟ್ ಟಾಲರ್’ ಎಂದು ಬರೆಯಲು ಕಲಿಸಿದರೆ ಸಾಕು. ಒಂದೇ ಅಲ್ಪವಿರಾಮ, ತಪ್ಪುವ ಭಯವಿಲ್ಲ. ಆದರೆ ಬೆರಳಿನ ಪರೀಕ್ಷೆಯನ್ನು ಮಕ್ಕಳು ಇಷ್ಟಪಡುತ್ತಾರೆ, ಪತ್ರಿಕೆಯ ಇಂಗ್ಲಿಷ್ ವಾಕ್ಯಗಳ ಮೇಲೂ ಪ್ರಯೋಗಿಸಿ ನೋಡುತ್ತಾರೆ.

‘ರಾದರ್ ದ್ಯಾನ್ ವೆಯ್ಟ್, ವಿ ವಾಕ್ಡ್’ ಎಂಬ ವಾಕ್ಯದಲ್ಲಿ ಅಲ್ಪವಿರಾಮ ಬರುವುದು ಆ ಭಾಗ ವಾಕ್ಯದ ತಲೆಯಲ್ಲಿ ಬಂದು ಕೂತಿರುವುದರಿಂದ. ಅದೇ ಭಾಗ ಕೊನೆಗೆ ಹೋದರೆ ಸಾಮಾನ್ಯವಾಗಿ ಬೇಡ. ಇದಕ್ಕೆ ಇಷ್ಟು ಸಾಕು.

ನಿಮ್ಮ ಪಾಠದಲ್ಲಿ ಅಲ್ಪವಿರಾಮಕ್ಕಿಂತ ದೊಡ್ಡ ಲೋಪವೊಂದಿದೆ. ‘ದಿ ಪಾಪ್ಯುಲೇಶನ್ ಆಫ್ ಬೆಂಗಳೂರು ಈಸ್ ಲಾರ್ಜರ್ ದ್ಯಾನ್ ಮೈಸೂರು’ ಎಂಬುದನ್ನು ಸರಿಯಾದ ವಾಕ್ಯವೆಂದು ಕೊಟ್ಟಿದ್ದೀರಿ. ಇಲ್ಲಿ ಜನಸಂಖ್ಯೆಯನ್ನು ಊರಿನೊಂದಿಗೆ ಹೋಲಿಸಿದಂತಾಯಿತು. ‘ದ್ಯಾನ್ ದಟ್ ಆಫ್ ಮೈಸೂರು’ ಎಂದಿರಬೇಕು. ‘ದಟ್ ಆಫ್’ ಎಂದರೆ ನಮ್ಮ ಮಕ್ಕಳು ಬೆಚ್ಚುತ್ತಾರೆ, ಅದೇನೋ ಪರೀಕ್ಷೆಯಲ್ಲಿ ಎಡವಿಸಲೆಂದೇ ಮಾಡಿದ ತೊಡಕು ಎಂದುಕೊಳ್ಳುತ್ತಾರೆ. ಆದರೆ ಅದು ಅವರ ಬಾಯಲ್ಲಿ ದಿನವೂ ಇರುವ ಮಾತು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96 ಲಕ್ಷ ದಾಟಿತ್ತು, ಮೈಸೂರು ಜಿಲ್ಲೆಯದು 30 ಲಕ್ಷ. ಈ ವಾಕ್ಯದ ‘ಜಿಲ್ಲೆಯದು’ ಎಂಬುದನ್ನು ಬಿಡಿಸಿ ನೋಡಿ: ಜಿಲ್ಲೆಯ, ಅದು. ‘ಆಫ್’ ಎಂಬುದು ಷಷ್ಠಿ, ‘ದಟ್’ ಎಂಬುದು ಅದು. ಕನ್ನಡದ ಮಗು ಒಂದೇ ಪದದಲ್ಲಿ ಹೇಳಿದ್ದನ್ನು ಇಂಗ್ಲಿಷು ಹಿಂದುಮುಂದು ಮಾಡಿ ಎರಡು ಪದಗಳಲ್ಲಿ ಹೇಳುತ್ತದೆ. ‘ಬೆಂಗಳೂರಿನ ಜನಸಂಖ್ಯೆ ಮೈಸೂರಿಗಿಂತ ಹೆಚ್ಚು’ ಎಂದು ಮಾತಿನಲ್ಲಿ ನಾವು ಹೇಳಿಬಿಡುತ್ತೇವೆ, ಕನ್ನಡ ಅದನ್ನು ಸಹಿಸುತ್ತದೆ. ಬರಹದಲ್ಲಿ ‘ಮೈಸೂರಿನದಕ್ಕಿಂತ’ ಎಂದು ಬರೆಯುವ ಅಭ್ಯಾಸ ಮಾಡಿಸಿದರೆ ಇಂಗ್ಲಿಷಿನ ‘ದಟ್ ಆಫ್’ ತಾನಾಗಿ ಬರುತ್ತದೆ. ಕಪ್ಪು ಹಲಗೆಯ ಮೇಲೆ ಎರಡನ್ನೂ ಮೇಲೆ ಕೆಳಗೆ ಬರೆದು ಗೆರೆ ಎಳೆದು ಸೇರಿಸಿ ತೋರಿಸಿದ ದಿನದಿಂದ ನನ್ನ ಮಕ್ಕಳು ಇದನ್ನು ತಪ್ಪಿಲ್ಲ.

ಮುಳ್ಳಯ್ಯನಗಿರಿ ಕರ್ನಾಟಕದ ಬೇರೆಲ್ಲ ಶಿಖರಗಳಿಗಿಂತ ಎತ್ತರ ಎನ್ನುವಾಗ ಕನ್ನಡದ ಮಗು ‘ಬೇರೆ’ ಎಂಬುದನ್ನು ಯಾರೂ ಹೇಳಿಕೊಡದೆಯೇ ಸೇರಿಸುತ್ತದೆ. ಇಂಗ್ಲಿಷಿನಲ್ಲಿ ‘ಎನಿ ಅದರ್’ ಬಿಟ್ಟು ‘ಎನಿ ಪೀಕ್ ಇನ್ ಕರ್ನಾಟಕ’ ಎಂದು ಬರೆದರೆ ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಇಲ್ಲ ಎಂದಾಗುತ್ತದೆ. ಇದಕ್ಕೂ ಮದ್ದು ಮಗುವಿನ ಕನ್ನಡದಲ್ಲೇ ಇದೆ.

ನಮ್ಮ ಬಡಾವಣೆಯ ಟ್ಯೂಷನ್ ಕೇಂದ್ರವೊಂದು ಹಂಚಿದ ಮಾದರಿ ಉತ್ತರದ ಹಾಳೆಯೂ ನನ್ನ ಮುಂದಿದೆ. ‘ಟಾಲರ್ ದ್ಯಾನ್ ಮಿ’ ಎಂದು ಬರೆದರೆ ಅಂಕವಿಲ್ಲ, ‘ದ್ಯಾನ್ ಐ’ ಎಂದೇ ಬರೆಯಬೇಕು ಎಂದು ಅದರಲ್ಲಿದೆ. ಇಂಗ್ಲಿಷ್ ಮಾತನಾಡುವ ನಾಡುಗಳಲ್ಲಿ ‘ದ್ಯಾನ್ ಮಿ’ ಎಂಬುದು ಸಹಜ ಬಳಕೆ. ಅದನ್ನು ಶುದ್ಧ ತಪ್ಪೆಂದು ಕೊಯ್ದು ಹಾಕುವುದು ಸರಿಯಲ್ಲ. ರಾಬರ್ಟ್ ಲೌತ್ ಎಂಬ ಪಾದ್ರಿ 1762ರಲ್ಲಿ ಪ್ರಕಟಿಸಿದ ವ್ಯಾಕರಣ ‘ದ್ಯಾನ್ ಐ’ ಎಂದೇ ಬರೆಯಬೇಕೆಂಬ ವಾದದ ಮೂಲಗಳಲ್ಲಿ ಒಂದು. ಅಡಗಿರುವ ಕ್ರಿಯಾಪದವನ್ನು ಗಮನಿಸಿ ಸರ್ವನಾಮವನ್ನು ಆರಿಸಬೇಕು ಎಂಬುದು ಅವನ ಅಭಿಪ್ರಾಯ. ಆ ಲೆಕ್ಕದಲ್ಲಿ ‘ನೀನು ನನಗಿಂತ ಹೆಚ್ಚು ಅವನನ್ನು ಪ್ರೀತಿಸುತ್ತೀ’ ಎಂಬ ಮಾತಿಗೆ ಎರಡು ಅರ್ಥ, ಇಂಗ್ಲಿಷಿನಲ್ಲಿ ಎರಡು ಬೇರೆ ಸರ್ವನಾಮ. ಆದರೆ ಹೆಸರುಗಳನ್ನು ಬಳಸಿದಾಗ ಆ ಉಪಾಯ ನಡೆಯುವುದಿಲ್ಲ. ‘ಸೀತಾ ಲೈಕ್ಸ್ ಗೀತಾ ಮೋರ್ ದ್ಯಾನ್ ಲತಾ’ ಎಂದರೆ ಲತಾ ಇಷ್ಟಪಡುವವಳೋ, ಇಷ್ಟಕ್ಕೆ ಪಾತ್ರಳೋ ತಿಳಿಯದು. ಇಲ್ಲಿಯೂ ಕೆಲವು ಮಕ್ಕಳು ‘ದ್ಯಾನ್’ಗೆ ಮೊದಲು ಅಲ್ಪವಿರಾಮ ಹಾಕಿ ಬಿಡಿಸಲು ನೋಡುತ್ತಾರೆ. ಎಷ್ಟು ಅಲ್ಪವಿರಾಮ ಹಾಕಿದರೂ ಅದು ಬಿಡಿಸಿಕೊಳ್ಳುವುದಿಲ್ಲ. ‘ದ್ಯಾನ್ ಲತಾ ಡಸ್’ ಎಂದು ಕ್ರಿಯಾಪದವನ್ನು ಹೊರಗೆ ತಂದು ಬರೆಯಬೇಕು. ಮಕ್ಕಳಿಗೆ ಕಲಿಸಬೇಕಾದದ್ದು ಈ ಅಡಗಿರುವ ವಾಕ್ಯವನ್ನು ಕಾಣುವುದನ್ನು. ‘ಮಿ’ ಮತ್ತು ‘ಐ’ ನಡುವಿನ ಪೊಲೀಸುಗಿರಿಯಲ್ಲಿ ಮಗುವಿಗೆ ದಕ್ಕುವುದು ಏನೂ ಇಲ್ಲ.

ಹಾಗೆಯೇ, ‘ದ್ಯಾನ್’ ಬರೆಯಬೇಕಾದಲ್ಲಿ ‘ದೆನ್’ ಬರೆಯುವ ಮಕ್ಕಳನ್ನು ದಡ್ಡರೆಂದು ಬೈಯುವುದನ್ನು ಶಿಕ್ಷಕರು ನಿಲ್ಲಿಸಬೇಕು. ಆ ಎರಡೂ ಮೂಲದಲ್ಲಿ ಒಂದೇ ಪದ. ಕಾಗುಣಿತದಲ್ಲಿ ಅವು ಬೇರೆಯಾಗಿ ನೆಲೆಯಾದದ್ದು ಸುಮಾರು 1700ರ ಹೊತ್ತಿಗೆ. ಇಂಗ್ಲಿಷರೇ ಶತಮಾನಗಳ ಕಾಲ ಬೆರೆಸಿ ಬರೆದದ್ದನ್ನು ಚಾಮರಾಜಪೇಟೆಯ ಮಗು ಬೆರೆಸಿದರೆ ತಾಳ್ಮೆಯಿಂದ ತಿದ್ದಬಹುದು.

ಸಂಪಾದಕರೇ, ಎಸ್ಎಸ್ಎಲ್‌ಸಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಓದುವ ಮಕ್ಕಳು ನಿಮ್ಮ ಪುಟವನ್ನು ಕೊಳ್ಳುವುದು ಇಂಗ್ಲಿಷಿಗಾಗಿ. ಅವರಿಗೆ ಅದನ್ನು ಕನ್ನಡದ ಮೂಲಕ ಹೇಳಬಲ್ಲವರು ನೀವು. ಇಂಗ್ಲಿಷ್ ಪತ್ರಿಕೆಗಳು ಇದನ್ನು ಮಾಡಲಾರವು, ಆ ಮಕ್ಕಳು ಅವನ್ನು ಓದುವುದೂ ಇಲ್ಲ. ಹೀಗಿರುವಾಗ ನಿಮ್ಮ ಮಾಲೆ ಅವೆನ್ಯೂ ರಸ್ತೆಯಲ್ಲಿ ಸಿಗುವ ಗೈಡುಗಳ ನಿಯಮಗಳನ್ನೇ ಮತ್ತೆ ಅಚ್ಚುಮಾಡುವುದು ನನಗೆ ನೋವು ತಂದಿದೆ. ಗೈಡು ಬರೆಯುವವರಿಗೆ ಆತುರ ಇರುತ್ತದೆ, ನಿಮಗೆ ಇರಬೇಕಾಗಿಲ್ಲ.

ಮುಂದಿನ ವಾರದ ಪುಟದಲ್ಲಿ ಆ ಎರಡು ನಿಯಮಗಳನ್ನು ಹಿಂತೆಗೆದುಕೊಂಡು, ಹಿಂದೆ ಅಚ್ಚಾದಷ್ಟೇ ದೊಡ್ಡ ಚೌಕಟ್ಟಿನಲ್ಲಿ ತಿದ್ದುಪಡಿಯನ್ನು ಪ್ರಕಟಿಸಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ಮಕ್ಕಳು ನೋಡುವುದಿಲ್ಲ, ಹಳೆಯ ಚೌಕಟ್ಟು ಅವರ ಪುಸ್ತಕಗಳಲ್ಲಿ ಅಂಟಿಕೊಂಡೇ ಇರುತ್ತದೆ. ಮಾಲೆಯ ಉಳಿದ ಕಂತುಗಳಲ್ಲಿ ಪ್ರತಿ ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿ ಮಗು ಮನೆಯಲ್ಲಿ ಆಡುವ ಕನ್ನಡ ವಾಕ್ಯವನ್ನೂ ಕೊಟ್ಟು, ಎಲ್ಲಿ ಎರಡೂ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ವಿವರಿಸಿ. ‘ಗಿಂತ’, ‘ಅಷ್ಟು’, ‘ಎಷ್ಟೋ ಅಷ್ಟು’, ‘ಅದಕ್ಕಿಂತ’ ಇವು ಬರುವ ವಾಕ್ಯಗಳನ್ನು ನಾನು ಮಕ್ಕಳ ಬಾಯಿಂದ ಕೇಳಿ ಬರೆದಿಟ್ಟುಕೊಂಡಿದ್ದೇನೆ, ಎದುರು ಪುಟದಲ್ಲಿ ಅವುಗಳ ಇಂಗ್ಲಿಷ್ ರೂಪವೂ ಇದೆ. ನಿಮಗೆ ಉಪಯೋಗವಾಗುವುದಾದರೆ ಆ ನೋಟ್ ಪುಸ್ತಕವನ್ನು ನಿಮ್ಮ ಕಚೇರಿಗೆ ತಂದು ಕೊಡುತ್ತೇನೆ, ಕಂತುಗಳ ಪ್ರೂಫನ್ನೂ ಯಾವ ಸಂಭಾವನೆ ಇಲ್ಲದೆ ನೋಡಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೂಫ್ ರೀಡರ್
ಚಾಮರಾಜಪೇಟೆ, ಬೆಂಗಳೂರು